ಕುಂಡದ ಮಲ್ಲಿಗೆ, ಅಂಗಳದ ಪಾರಿಜಾತ

ಮುಂಬಯಿಗೆ ಮಳೆಗಾಲ ಮತ್ತು ಸೆಖೆಗಾಲ ಎಂಬ ಎರಡೇ ಋತುಗಳೆಂದು ಹೇಳಿ ನಗುವುದು ನಮ್ಮಲ್ಲಿ ರೂಢಿ. ಈ ನಗರದ ಓಣಿಗಳಲ್ಲಿ ತಲೆಯೆತ್ತಿ ನಡೆದವರು ಆ ಮಾತನ್ನು ಒಪ್ಪಲಾರರು. ಪಂಚಾಂಗವನ್ನು ತೆರೆಯದೆಯೇ ಮಾಸವನ್ನು ಗುರುತಿಸಬಲ್ಲಷ್ಟು ಹೂಗಳು ಇಲ್ಲಿವೆ.

ಚಳಿ ಸರಿಯುವ ಹೊತ್ತಿಗೆ ಎಲೆಯುದುರಿದ ಬೂರುಗದ ಮರ ಕೆಂಪು ಬಟ್ಟಲುಗಳಂಥ ಹೂಗಳನ್ನು ಹೊತ್ತು ನಿಲ್ಲುತ್ತದೆ; ಕಾಗೆ, ಗೊರವಂಕಗಳಿಗೆ ಅದು ಹಬ್ಬ. ಏಪ್ರಿಲಿನಿಂದ ಕಕ್ಕೆ ಹಳದಿಯ ಗೊಂಚಲುಗಳನ್ನು ಇಳಿಬಿಡುತ್ತದೆ. ಮರಾಠಿ ನೆರೆಯವರು ಅದನ್ನು ಬಹಾವಾ ಎನ್ನುತ್ತಾರೆ. ಅದೇ ಬೇಸಿಗೆಯಲ್ಲಿ ನಸುನೇರಳೆಯ ಹೂ ಬಿಡುವ ತಾಮಣ ಮಹಾರಾಷ್ಟ್ರದ ರಾಜ್ಯಪುಷ್ಪ. ಊರಿನ ಹೊಳೆದಂಡೆಯಲ್ಲಿ ನಾವು ಹೊಳೆದಾಸವಾಳವೆಂದು ಕರೆದದ್ದು ಅದನ್ನೇ. ಮೇ ತಿಂಗಳಲ್ಲಿ ರಸ್ತೆಗೆ ಕೆಂಪು ಚಪ್ಪರ ಹಾಕುವ ಗುಲ್‌ಮೊಹರ್ ಮೂಲತಃ ಮಡಗಾಸ್ಕರಿನದು. ಹೊರಗಿನಿಂದ ಬಂದದ್ದೆಂದು ಇಂದು ಯಾರಿಗೂ ಅನ್ನಿಸುವುದಿಲ್ಲ. ಮಳೆಯ ಬಿರುಸು ತಗ್ಗುತ್ತಿದ್ದಂತೆ ಪಾರಿಜಾತ, ನವರಾತ್ರಿಯ ಹಿಂದುಮುಂದು ಸಪ್ತಪರ್ಣಿ. ಅದರ ಗಾಢ ಗಂಧ ಕೆಲವರಿಗೆ ತಲೆನೋವು ತರುತ್ತದೆ. ಆದರೆ ತುಳುನಾಡಿನಿಂದ ಬಂದವರಿಗೆ ಅದು ಹಾಲೆಮರ. ಆಟಿ ಅಮಾವಾಸ್ಯೆಯ ಬೆಳಗ್ಗೆ ಅದರ ತೊಗಟೆಯ ಕಹಿ ಕಷಾಯವನ್ನು ಕುಡಿದ ನಾಲಗೆಗೆ ಆ ಮರ ಪರಕೀಯವೆನಿಸದು.

ಇವು ಓಣಿಯ ಹೂಗಳಾದರೆ, ಮನೆಯೊಳಗೆ ನಮ್ಮ ಪಾಲಿಗಿರುವುದು ಕಿಟಕಿಯ ಕಂಬಿ ಮತ್ತು ಒಂದೆರಡು ಮೊಳದ ಬಾಲ್ಕನಿ. ಅಲ್ಲಿ ತುಳಸಿ, ದಾಸವಾಳ, ಒಂದು ಕುಂಡ ದುಂಡುಮಲ್ಲಿಗೆ. ಅಟ್ಟೆ, ಚೆಂಡುಗಳ ಲೆಕ್ಕದಲ್ಲಿ ಮಲ್ಲಿಗೆಯನ್ನು ಕಂಡವರಿಗೆ ಕುಂಡದ ನಾಲ್ಕು ಮೊಗ್ಗು ಏನೂ ಅಲ್ಲ. ಆದರೂ ಸಂಜೆ ಅವು ಬಿರಿದಾಗ ಮನೆಯವರೆಲ್ಲ ಒಮ್ಮೆ ಬಂದು ನೋಡುತ್ತಾರೆ. ಈ ಸಣ್ಣ ಕೃಷಿ ಕಲಿಸುವ ಪಾಠಗಳೂ ಕಡಮೆಯಲ್ಲ. ಚಳಿಗಾಲದಲ್ಲಿ ಮಲ್ಲಿಗೆಯ ಗೆಲ್ಲು ಸವರದಿದ್ದರೆ ಬೇಸಿಗೆಯಲ್ಲಿ ಹೂ ಕಡಮೆ. ಮಳೆಗಾಲದಲ್ಲಿ ಕುಂಡದ ತೂತು ಮುಚ್ಚಿಹೋದರೆ ಬೇರು ಕೊಳೆಯುತ್ತದೆ. ಸೇವಂತಿಗೆ ಮೊಗ್ಗು ಕಟ್ಟಲು ದೀರ್ಘವಾದ ಕತ್ತಲು ಬೇಕು. ರಾತ್ರಿಯಿಡೀ ಬೀದಿದೀಪ ಬೀಳುವ ಬಾಲ್ಕನಿಯಲ್ಲಿ ಎಷ್ಟು ಗೊಬ್ಬರ ಹಾಕಿದರೂ ಅದು ಎಲೆಯನ್ನಷ್ಟೇ ಬೆಳೆಸಿಕೊಂಡಿರುತ್ತದೆ.

ಇಷ್ಟರಲ್ಲಿಯೇ ತೃಪ್ತರಾಗಿರಬಹುದಿತ್ತು. ಆದರೆ ನಮ್ಮ ಉಪನಗರಗಳ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರಾಭಿವೃದ್ಧಿಗೆ ಹೋಗುತ್ತಿರುವ ಈ ಕಾಲದಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಕುಂಡ ನೆಲಕ್ಕೆ ಬದಲಿಯಲ್ಲ. ಮೂರು ಮಾಳಿಗೆಯ ಸೊಸೈಟಿಗಳ ಸುತ್ತ ಎಷ್ಟೇ ಇಕ್ಕಟ್ಟಾದರೂ ಮಣ್ಣಿನ ಒಂದು ಪಟ್ಟಿ ಇರುತ್ತಿತ್ತು. ಅಲ್ಲಿ ಯಾರೋ ನೆಟ್ಟ ಪಾರಿಜಾತ, ರಂಜೆ, ನುಗ್ಗೆ, ಒಂದು ತೆಂಗು. ಅದರ ಜಾಗದಲ್ಲಿ ಏಳುವ ಗೋಪುರಗಳಿಗೆ ಕೆಳಗೆ ನೆಲಮಾಳಿಗೆ, ಮೇಲೆ ವಾಹನ ನಿಲುಗಡೆಯ ಮಹಡಿಗಳು, ಅದರ ನೆತ್ತಿಯಲ್ಲಿ ಉದ್ಯಾನ. ಆ ಕಾಂಕ್ರೀಟಿನ ಮೇಲೆ ಹಾಸಿದ ತೆಳುವಾದ ಮಣ್ಣಿನಲ್ಲಿ ಹುಲ್ಲು, ಅಲಂಕಾರದ ಗಿಡಗಳು ಬದುಕುತ್ತವೆ. ನೂರು ವರ್ಷ ಬಾಳಬಲ್ಲ ಮರ ಬೇರಿಳಿಸಲಾರದು. ಮಳೆನೀರಿಗೂ ಇಂಗಲು ಎಡೆಯಿಲ್ಲ.

ಮತ್ತೊಂದು ವ್ಯತ್ಯಾಸವಿದೆ. ಕುಂಡದ ಹೂ ನಮ್ಮ ಸ್ವಂತದ್ದು. ಅಂಗಳದ ಹೂ ಎಲ್ಲರದು. ನೆಲಕ್ಕೆ ಬಿದ್ದ ಹೂ ಪೂಜೆಗೆ ಸಲ್ಲದೆಂಬ ನಿಯಮದಿಂದ ಪಾರಿಜಾತಕ್ಕೆ ವಿನಾಯಿತಿ ಉಂಟು. ಬೆಳಗಿನ ಜಾವ ಅದನ್ನು ಆಯಲು ಬರುವ ಗುಜರಾತಿ ಅಜ್ಜಿ, ಹಾಲಿನವನು, ನಮ್ಮ ಮನೆಗಳ ಹೆಂಗಸರು ಪರಸ್ಪರ ಮಾತು ಕಲಿತದ್ದು ಆ ಮರದ ಬುಡದಲ್ಲಿ. ಒಂಬತ್ತನೆಯ ಮಹಡಿಯ ಉದ್ಯಾನಕ್ಕೆ ಹಾಲಿನವನಿಗೆ ಪ್ರವೇಶವಿಲ್ಲ.

ಹಳೆಯ ಕಟ್ಟಡ ಸೋರುತ್ತದೆ, ತೊಲೆಗಳು ಬಿರುಕುಬಿಟ್ಟಿವೆ, ಮುದುಕರಿಗೆ ಲಿಫ್ಟ್ ಬೇಕು, ಇವೆಲ್ಲ ನಿಜ. ಹೂವಿನ ಹೆಸರು ಹೇಳಿ ಯಾರನ್ನೂ ಅಪಾಯದ ಮನೆಯಲ್ಲಿ ಇರಿಸಲಾಗದು. ನಮ್ಮ ವಾದ ಪುನರಾಭಿವೃದ್ಧಿಯ ವಿರುದ್ಧವಲ್ಲ. ಸರ್ವಸಾಧಾರಣ ಸಭೆಯಲ್ಲಿ ಹೆಚ್ಚುವರಿ ಚದರಡಿ, ಬಾಡಿಗೆ, ಪಾರ್ಕಿಂಗ್‌ಗಳಿಗಾಗಿ ತಾಸುಗಟ್ಟಲೆ ವಾದಿಸುವ ನಾವು ಮಣ್ಣಿನ ವಿಷಯವನ್ನು ಎತ್ತುವುದೇ ಇಲ್ಲವೆಂಬುದಷ್ಟೇ ನಮ್ಮ ದೂರು. ಕೇಳದಿದ್ದುದನ್ನು ಬಿಲ್ಡರ್ ತಾನಾಗಿ ಕೊಡುವುದಿಲ್ಲ.

ಕಾನೂನು ಇಲ್ಲವೆಂದಲ್ಲ. ನಗರಗಳ ಮರಗಳ ರಕ್ಷಣೆಗೆ ಮಹಾರಾಷ್ಟ್ರದಲ್ಲಿ 1975ರ ಕಾಯಿದೆಯಿದೆ. 2021ರ ತಿದ್ದುಪಡಿ ಐವತ್ತು ವರ್ಷ ಮೀರಿದ ಮರಗಳನ್ನು ಪಾರಂಪರಿಕ ಮರಗಳೆಂದು ಪರಿಗಣಿಸಿತು. ಆದರೆ ಮರಕ್ಕೆ ನೋಟಿಸು ಅಂಟಿಸಿದ ಮೇಲೆ ಎಚ್ಚರಗೊಳ್ಳುವವರಿಗೆ ನಕಾಶೆಯನ್ನು ಬದಲಿಸುವ ಅವಕಾಶ ಉಳಿದಿರುವುದು ವಿರಳ. ಕೇಳಬೇಕಾದ ಸಮಯ ಕರಾರಿಗೆ ಸಹಿ ಹಾಕುವುದಕ್ಕೆ ಮುನ್ನ. ಅಂಗಳದಲ್ಲಿ ಯಾವ ಮರಗಳಿವೆ, ಅವುಗಳಲ್ಲಿ ಯಾವುವು ಉಳಿಯುತ್ತವೆ, ಕೆಳಗೆ ನೆಲಮಾಳಿಗೆಯಿಲ್ಲದ ಬರಿಯ ನೆಲ ಎಷ್ಟು, ಅದು ಯಾವ ಬದಿಗೆ: ಈ ನಾಲ್ಕು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆದು ಸಭೆಯ ನಡಾವಳಿಯಲ್ಲಿ ಸೇರಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಮರಗಳ ಪಟ್ಟಿ ಮಾಡುವ ಕೆಲಸವನ್ನು ಮಕ್ಕಳಿಗೆ ವಹಿಸೋಣ. ಒಂದು ಭಾನುವಾರ ಅವರು ಅಂಗಳ ಸುತ್ತಿ, ಪ್ರಾಜಕ್ತದ ಎದುರಿಗೆ ಪಾರಿಜಾತವೆಂದೂ, ಬಕುಳದ ಎದುರಿಗೆ ರಂಜೆಯೆಂದೂ, ಸಾತವೀಣದ ಎದುರಿಗೆ ಹಾಲೆಯೆಂದೂ ಬರೆದುಕೊಂಡು ಬರಲಿ. ಮುಂದಿನ ಸಭೆಯಲ್ಲಿ ಚದರಡಿಯ ಪಟ್ಟಿಯ ಜೊತೆಗೆ ಆ ಪಟ್ಟಿಯನ್ನೂ ಮೇಜಿನ ಮೇಲೆ ಇರಿಸೋಣ.