ಹಸಿವರಿತು ಬಡಿಸುವ ಚಾರ್ಜರು



ನಿಮ್ಮಲ್ಲಿ ಹೆಚ್ಚಿನವರು ಊರಿನ ಗದ್ದೆ ತೋಟಗಳನ್ನು ಮೇ ತಿಂಗಳ ರಜೆಯಲ್ಲಿ ಮಾತ್ರ ಕಂಡವರು. ಆದರೂ ಊರಿನ ನಂಟು ಕಡಿದಿಲ್ಲ. ಅಲ್ಲಿ ಹೊಸ ಯಂತ್ರ ಕೊಳ್ಳುವ ಮಾತು ಬಂದಾಗ ದೊಡ್ಡಪ್ಪನೋ ಸೋದರಮಾವನೋ ನಿಮಗೇ ಫೋನು ಮಾಡುತ್ತಾರೆ: "ನೀನು ಇಂಜಿನಿಯರಿಂಗ್ ಓದುತ್ತಿದ್ದೀಯಲ್ಲ, ಸ್ವಲ್ಪ ವಿಚಾರಿಸಿ ಹೇಳು ಮಾರಾಯ್ತಿ." ಹಾಗೆ ವಿಚಾರಿಸಬೇಕಾದ ಯಂತ್ರಗಳ ಸಾಲಿಗೆ ಈಚೆಗೆ ಬ್ಯಾಟರಿಯಿಂದ ಓಡುವ ಸಣ್ಣ ಟ್ರ್ಯಾಕ್ಟರೂ ಸೇರಿದೆ. ಹೊಗೆಯಿಲ್ಲ, ಗದ್ದಲವಿಲ್ಲ, ಡೀಸೆಲ್ ಕ್ಯಾನು ಹಿಡಿದು ಪೇಟೆಗೆ ಓಡುವ ಕೆಲಸವೂ ಇಲ್ಲ. ಟ್ರ್ಯಾಕ್ಟರಿನ ಶಕ್ತಿ ಎಷ್ಟು, ಬೆಲೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಅದರ ಚಾರ್ಜರು ಎಂಥದು ಎಂದು ಕೇಳುವವರು ಅಪರೂಪ. ಈ ಸಲ ನಮ್ಮ ಅಂಕಣದಲ್ಲಿ ಆ ಕೇಳದೆ ಉಳಿದ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ.

ಏಕೆಂದರೆ ಇಂಥ ಟ್ರ್ಯಾಕ್ಟರಿನಲ್ಲಿ ಅತ್ಯಂತ ದುಬಾರಿಯಾದ ಭಾಗ ಬ್ಯಾಟರಿ. ಆ ಬ್ಯಾಟರಿ ಎರಡು ವರ್ಷಕ್ಕೆ ಸಾಯಬೇಕೋ ಎಂಟು ವರ್ಷ ಬಾಳಬೇಕೋ ಎಂಬುದು ಬಹುಮಟ್ಟಿಗೆ ಚಾರ್ಜರಿನ ಕೈಯಲ್ಲಿದೆ. ಹತ್ತಾರು ಸಾವಿರ ರೂಪಾಯಿಯ ಬ್ಯಾಟರಿಗೆ ಸಿಕ್ಕಿದ ಅಗ್ಗದ ಚಾರ್ಜರು ತಗುಲಿಸುವುದೆಂದರೆ ಹಸುಗೂಸಿಗೆ ಕೈಗೆ ಸಿಕ್ಕಿದ್ದನ್ನು ತಿನ್ನಿಸಿದಂತೆ.

ವಿದ್ಯುತ್ ಟ್ರ್ಯಾಕ್ಟರು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1969ರಲ್ಲಿಯೇ 'ಇಲೆಕ್-ಟ್ರ್ಯಾಕ್' ಎಂಬ ಸಣ್ಣ ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ತಂದಿತು. 6 ವೋಲ್ಟಿನ ಆರು ಲೆಡ್-ಆಸಿಡ್ ಬ್ಯಾಟರಿಗಳು, ಒಟ್ಟು 36 ವೋಲ್ಟ್. ಹುಲ್ಲು ಕತ್ತರಿಸಲು, ಹಿಮ ತಳ್ಳಲು, ಮನೆಯ ಹಿತ್ತಿಲನ್ನು ಉಳಲು ಅದನ್ನು ಬಳಸುತ್ತಿದ್ದರು. ಕಂಪನಿ ಕೆಲವೇ ವರ್ಷಗಳಲ್ಲಿ ಆ ವ್ಯಾಪಾರ ಬಿಟ್ಟರೂ ಗಾಡಿಗಳು ಬಿಡಲಿಲ್ಲ. ಹವ್ಯಾಸಿಗಳು ಅವುಗಳಿಗೆ ಹೊಸ ಬ್ಯಾಟರಿ ಹಾಕಿ ಓಡಿಸುತ್ತಲೇ ಬಂದರು. ಅಷ್ಟು ಹಳೆಯ ಗಾಡಿಗೂ ಇಂದಿನ ಗಾಡಿಗೂ ಮೋಟಾರಿನ ತತ್ವ ಅದೇ. ಬದಲಾದದ್ದು ಬ್ಯಾಟರಿ, ಅದರ ಜೊತೆಗೆ ಅದಕ್ಕೆ ಉಣಿಸುವ ರೀತಿ.

ನಮ್ಮ ಬೆಂಗಳೂರಿಗೂ ಈ ವಿದ್ಯೆ ಹೊಸದಲ್ಲ. 2001ರಲ್ಲಿ ಅಲ್ಲಿಂದ ಹೊರಟ ರೇವಾ ಕಾರಿನಲ್ಲಿಯೂ ಇದ್ದದ್ದು 6 ವೋಲ್ಟಿನ ಎಂಟು ಲೆಡ್-ಆಸಿಡ್ ಬ್ಯಾಟರಿಗಳೇ, ಒಟ್ಟು 48 ವೋಲ್ಟ್. ಮನೆಯ 15 ಆಂಪಿಯರ್ ಪ್ಲಗ್ಗಿನಿಂದಲೇ ಅದು ಚಾರ್ಜ್ ಆಗುತ್ತಿತ್ತು.

ಚಾರ್ಜರು ಮಾಡುವ ಕೆಲಸವಾದರೂ ಏನು? ಊಟಕ್ಕೆ ಬಡಿಸುವ ಅಜ್ಜಿಯನ್ನು ನೆನೆಯಿರಿ. ಮೊದಲು ಎಲೆ ತುಂಬ ಬಡಿಸುತ್ತಾಳೆ. ಹೊಟ್ಟೆ ತುಂಬುತ್ತ ಬಂದಂತೆ "ಇನ್ನೊಂದು ಸೌಟು?" ಎಂದು ಕೇಳಿ ಕೇಳಿ ಬಡಿಸುತ್ತಾಳೆ. ಒಳ್ಳೆಯ ಚಾರ್ಜರೂ ಹಾಗೆಯೇ. ಮೊದಲ ಹಂತದಲ್ಲಿ ಒಂದೇ ಸಮನಾದ ಆಂಪಿಯರಿನಲ್ಲಿ ಕರೆಂಟು ತುಂಬುತ್ತದೆ. ಬ್ಯಾಟರಿಯ ವೋಲ್ಟೇಜು ಗೊತ್ತಾದ ಮಿತಿ ಮುಟ್ಟಿದೊಡನೆ ವೋಲ್ಟೇಜನ್ನು ಅಲ್ಲಿಯೇ ಹಿಡಿದು ಆಂಪಿಯರನ್ನು ಇಳಿಸುತ್ತ ಬರುತ್ತದೆ. ಅಗ್ಗದ ಚಾರ್ಜರಿಗೆ ಈ ಕೇಳಿ ಬಡಿಸುವ ಗುಣವಿಲ್ಲ. ಅತಿಯಾದರೆ ಅಮೃತವೂ ವಿಷ. ಲೆಡ್-ಆಸಿಡ್ ಬ್ಯಾಟರಿಯಾದರೆ ಒಳಗಿನ ನೀರು ಕುದಿದಂತೆ ಗುಳ್ಳೆಯೆದ್ದು ಆರುತ್ತದೆ, ಲಿಥಿಯಂ ಆದರೆ ಬೆಂಕಿಯ ಭಯ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಅಂಗಡಿಯಲ್ಲಿ '48 ವೋಲ್ಟ್ ಚಾರ್ಜರ್' ಎಂದು ಕೇಳಿದರೆ ಮೂರು ಬೇರೆ ಬೇರೆ ವಸ್ತುಗಳು ಸಿಗಬಹುದು. ಮೂರರ ಮೇಲೂ 48 ಎಂದೇ ಬರೆದಿರುತ್ತದೆ!

ಲೆಡ್-ಆಸಿಡ್ ಬ್ಯಾಟರಿಯಲ್ಲಿ 48 ವೋಲ್ಟಿಗೆ 24 ಸೆಲ್ಲುಗಳು. ಒಂದೊಂದು ಸೆಲ್ಲಿಗೆ ಸುಮಾರು 2.4 ವೋಲ್ಟಿನಂತೆ 57.6ರವರೆಗೆ ತುಂಬಿಸಬೇಕು. ಲಿಥಿಯಂ ಐರನ್ ಫಾಸ್ಫೇಟ್ ಆದರೆ 16 ಸೆಲ್ಲು, ಸೆಲ್ಲಿಗೆ 3.65ರಂತೆ ಗರಿಷ್ಠ 58.4 ವೋಲ್ಟ್. ಇನ್ನೊಂದು ಜಾತಿಯ ಲಿಥಿಯಂ ಬ್ಯಾಟರಿ ನಿಕಲ್, ಮ್ಯಾಂಗನೀಸ್, ಕೋಬಾಲ್ಟುಗಳದ್ದು. ಅದರಲ್ಲಿ 13 ಸೆಲ್ಲು ಜೋಡಿಸಿದ್ದರೆ ಸೆಲ್ಲಿಗೆ 4.2ರಂತೆ 54.6 ವೋಲ್ಟಿಗೇ ಹೊಟ್ಟೆ ತುಂಬಿತು. ಈ ಮೂರನೆಯದಕ್ಕೆ ಎರಡನೆಯದರ ಚಾರ್ಜರು ಹಾಕಿದರೆ ಒಂದೊಂದು ಸೆಲ್ಲಿನ ಮೇಲೆ ಸುಮಾರು 4.5 ವೋಲ್ಟ್ ಬೀಳುತ್ತದೆ. ಬ್ಯಾಟರಿಯೊಳಗಿನ ಕಾವಲು ಸರ್ಕೀಟು ತಡೆದರೆ ಪುಣ್ಯ, ತಡೆಯದಿದ್ದರೆ ಕೊಟ್ಟಿಗೆಗೇ ಬೆಂಕಿ. ಹಾಗೆಯೇ ಕೆಲವು ಲೆಡ್-ಆಸಿಡ್ ಚಾರ್ಜರುಗಳು ಸೆಲ್ಲುಗಳನ್ನು ಸರಿದೂಗಿಸಲೆಂದು ಆಗಾಗ 62 ವೋಲ್ಟಿನವರೆಗೂ ಏರುತ್ತವೆ. ಲೆಡ್-ಆಸಿಡ್ಡಿಗೆ ಅದು ಔಷಧ, ಲಿಥಿಯಮ್ಮಿಗೆ ವಿಷ. 2022ರಲ್ಲಿ ನಮ್ಮ ದೇಶದಲ್ಲಿ ವಿದ್ಯುತ್ ಸ್ಕೂಟರುಗಳು ಹೊತ್ತಿಕೊಂಡ ಹಲವು ಪ್ರಕರಣಗಳ ನಂತರ ಕೇಂದ್ರ ಸರಕಾರ ಬ್ಯಾಟರಿಗಳ ಸುರಕ್ಷತಾ ನಿಯಮಗಳನ್ನು ಬಿಗಿಗೊಳಿಸಿತು. ನಿಯಮ ಎಷ್ಟೇ ಬಿಗಿಯಾದರೂ ಹಳೆಯ ಚಾರ್ಜರು ಕೆಟ್ಟಾಗ ನಾವು ಎಲ್ಲಿಂದಲೋ ತರಿಸಿ ಬಸ್ಸಿನ ಪಾರ್ಸೆಲಿನಲ್ಲಿ ಕಳಿಸುವ ಇನ್ನೊಂದನ್ನು ಯಾವ ಅಧಿಕಾರಿಯೂ ಬಂದು ನೋಡುವುದಿಲ್ಲ. ಅದನ್ನು ನೋಡಬೇಕಾದವರು ನೀವೇ. ಆದ್ದರಿಂದ ಬ್ಯಾಟರಿಯ ಮೇಲಿನ ಚೀಟಿಯ ಫೋಟೋ ತರಿಸಿಕೊಳ್ಳಿ. ಅದರ ಜಾತಿ, ಪೂರ್ತಿ ತುಂಬಿದಾಗಿನ ವೋಲ್ಟೇಜು, ಅದು ತಡೆಯುವ ಗರಿಷ್ಠ ಚಾರ್ಜಿಂಗ್ ಆಂಪಿಯರ್, ಈ ಮೂರನ್ನೂ ಓದದೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ.

ಆಂಪಿಯರಿನ ಲೆಕ್ಕ ಹೀಗೆ. ನೀರು ಹಾಕುವ ಲೆಡ್-ಆಸಿಡ್ ಬ್ಯಾಟರಿಗೆ ಅದರ ಆಂಪಿಯರ್-ಅವರಿನ ಹತ್ತನೆಯ ಒಂದು ಪಾಲು ಹಿತ. 220 ಆಂಪಿಯರ್-ಅವರಿನ ಬ್ಯಾಟರಿಗೆ 22 ಆಂಪಿಯರಿನ ಆಸುಪಾಸು. ಲಿಥಿಯಂ ಇದಕ್ಕಿಂತ ಬೇಗ ಉಣ್ಣಬಲ್ಲದು. 100 ಆಂಪಿಯರ್-ಅವರಿನದಕ್ಕೆ 20 ಆಂಪಿಯರಿನ ಚಾರ್ಜರು ಹಾಕಿದರೆ ಐದು ಗಂಟೆಗಿಂತ ತುಸು ಹೆಚ್ಚಿನ ಹೊತ್ತಿನಲ್ಲಿ ತುಂಬುತ್ತದೆ, ಖರ್ಚು ಆರು ಯೂನಿಟ್ಟಿನ ಒಳಗೆ. ರಾತ್ರಿ ಹೇಗೂ ಟ್ರ್ಯಾಕ್ಟರು ಮಲಗಿರುತ್ತದೆ. ಅವಸರದ ಚಾರ್ಜರಿಗೆ ಹೆಚ್ಚಿನ ಹಣ ಕೊಡುವ ಅಗತ್ಯ ಸಣ್ಣ ಹಿಡುವಳಿಯವರಿಗೆ ಬಹಳ ಸಲ ಇರುವುದಿಲ್ಲ.

ಅವಸರ ಮಾಡಿದರೂ ಊರಿನ ತಂತಿ ಒಪ್ಪಬೇಕಲ್ಲ! 2020ರ ಡಿಸೆಂಬರಿನಲ್ಲಿ ಸೋನಾಲಿಕಾ ಕಂಪನಿ ಟೈಗರ್ ಎಲೆಕ್ಟ್ರಿಕ್ ಟ್ರ್ಯಾಕ್ಟರನ್ನು ತಂದಾಗ ಅದರ 25.5 ಕಿಲೋವ್ಯಾಟ್-ಅವರ್ ಬ್ಯಾಟರಿ ಮನೆಯ ಪ್ಲಗ್ಗಿನಲ್ಲಿ 10 ಗಂಟೆಗೆ, ವೇಗದ ಚಾರ್ಜರಿನಲ್ಲಿ 4 ಗಂಟೆಗೆ ತುಂಬುತ್ತದೆ ಎಂದಿತು. ಭಾಗಿಸಿ ನೋಡಿ: ನಾಲ್ಕು ಗಂಟೆಗೆ ತುಂಬಬೇಕಾದರೆ ಆರು ಕಿಲೋವ್ಯಾಟಿಗಿಂತ ಹೆಚ್ಚು ಬೇಕು. 230 ವೋಲ್ಟಿನ 16 ಆಂಪಿಯರ್ ಪ್ಲಗ್ಗು ಕೊಡುವುದು 3.7 ಕಿಲೋವ್ಯಾಟ್ ಮಾತ್ರ. ಎಂದರೆ ವೇಗದ ಚಾರ್ಜರಿಗೆ ಮಂಜೂರಾದ ಲೋಡನ್ನೂ ವೈರಿಂಗನ್ನೂ ಹೆಚ್ಚಿಸಬೇಕು.

ಇನ್ನೊಂದು ಸೂಕ್ಷ್ಮ. ಸಂಜೆ ಹೊತ್ತು ಊರಿನಲ್ಲಿ ವೋಲ್ಟೇಜು 180ಕ್ಕೆ ಇಳಿಯುವುದು ಅನೇಕ ಕಡೆ ಮಾಮೂಲು. ಬಲ್ಬು ಮಂಕಾಗುತ್ತದೆ, ಆದರೆ ಇಂದಿನ ಎಲೆಕ್ಟ್ರಾನಿಕ್ ಚಾರ್ಜರು ಸುಮ್ಮನೆ ಮಂಕಾಗುವ ಗಿರಾಕಿಯಲ್ಲ. ವೋಲ್ಟೇಜು ಕಡಿಮೆಯಾದರೆ ಆಂಪಿಯರನ್ನು ಹೆಚ್ಚಾಗಿ ಎಳೆದು ತನ್ನ ಪಾಲು ಪಡೆಯುತ್ತದೆ. 1300 ವ್ಯಾಟಿನ ಚಾರ್ಜರು 230 ವೋಲ್ಟಿನಲ್ಲಿ 5.7 ಆಂಪಿಯರ್ ಎಳೆದರೆ 180 ವೋಲ್ಟಿನಲ್ಲಿ 7.2 ಎಳೆಯುತ್ತದೆ. ಮನೆಯ 6 ಆಂಪಿಯರಿನ ಸಣ್ಣ ಪ್ಲಗ್ಗು ಕರಗುವುದು ಹೀಗೆಯೇ. ಚಾರ್ಜರಿಗೆಂದೇ ಪ್ರತ್ಯೇಕ 16 ಆಂಪಿಯರ್ ಪ್ಲಗ್ಗು, 2.5 ಚದರ ಮಿಲಿಮೀಟರಿನ ತಾಮ್ರದ ತಂತಿ, ಸರಿಯಾದ ಅರ್ಥಿಂಗ್, ಕರೆಂಟು ಸೋರಿದರೆ ಬೀಳುವ 30 ಮಿಲಿಆಂಪಿಯರಿನ ಬ್ರೇಕರು ಹಾಕಿಸಲು ಹೇಳಿ. ಸಪೂರದ ಎಕ್ಸ್‌ಟೆನ್ಷನ್ ವೈರು ಸುತ್ತಿದಂತೆಯೇ ಇಟ್ಟು ಬಳಸುವುದು ಖಂಡಿತ ಬೇಡ.

"ಪಂಪ್‌ಸೆಟ್ಟಿನ ಕರೆಂಟು ಪುಕ್ಕಟೆ ಇದೆಯಲ್ಲ, ಅದರಿಂದಲೇ ಎಳೆದರಾಯಿತು" ಎಂದು ದೊಡ್ಡಪ್ಪ ಅನ್ನಬಹುದು. ಯಾವ ಉದ್ದೇಶಕ್ಕೆ ಸಂಪರ್ಕ ಮಂಜೂರಾಗಿದೆಯೋ ಅದನ್ನು ಬಿಟ್ಟು ಬೇರೆಯದಕ್ಕೆ ಬಳಸುವುದನ್ನು 2003ರ ವಿದ್ಯುತ್ ಕಾಯ್ದೆ ಅನಧಿಕೃತ ಬಳಕೆ ಎಂದು ಕರೆದು ದಂಡದ ಬಿಲ್ಲು ಹಾಕಲು ಅವಕಾಶ ಕೊಟ್ಟಿದೆ. ಆದ್ದರಿಂದ ಮೊದಲು ವಿದ್ಯುತ್ ಕಚೇರಿಯಲ್ಲಿ ಕೇಳಿ ಲಿಖಿತ ಉತ್ತರ ಪಡೆಯಲಿ. ಹಿರಿಯರಿಗೆ ಇದನ್ನು ವಿನಯದಿಂದ ಹೇಳುವ ಹೊಣೆ ನಿಮ್ಮದು.

ಬಳಕೆಯ ಕ್ರಮವೂ ತಿಳಿದಿರಲಿ. ಬಿಸಿಲಿನಲ್ಲಿ ಉತ್ತು ಬಂದ ಕೂಡಲೇ ಚಾರ್ಜಿಗೆ ಹಾಕದೆ ಬ್ಯಾಟರಿ ತಣಿಯಲು ಬಿಡಬೇಕು. ತಯಾರಕರು ಬೇರೆ ಹೇಳದಿದ್ದರೆ ಮೊದಲು ಚಾರ್ಜರನ್ನು ಬ್ಯಾಟರಿಗೆ ಜೋಡಿಸಿ, ಆಮೇಲೆ ಗೋಡೆಯ ಸ್ವಿಚ್ಚು ಹಾಕಬೇಕು. ತೆಗೆಯುವಾಗ ಮೊದಲು ಸ್ವಿಚ್ಚು. ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಸಾಕು, ಒಂದು ಬೀಡಿಯ ಕಿಡಿಗೆ ಸಿಡಿಯುತ್ತದೆ. ಗಾಳಿಯಾಡುವ ಮಾಡಿನ ಕೆಳಗೇ ಅದನ್ನು ಇಡಬೇಕು. ಡಿಸ್ಟಿಲ್ಡ್ ನೀರನ್ನು ಚಾರ್ಜ್ ಆದ ಮೇಲೆ ತುಂಬಬೇಕು. ಒಳಗಿನ ಪ್ಲೇಟುಗಳು ಒಣಗಿ ಕಂಡರೆ ಮಾತ್ರ ಮೊದಲೇ ಅವು ಮುಳುಗುವಷ್ಟು ಹಾಕಬೇಕು. ಈ ಬ್ಯಾಟರಿಯನ್ನು ಖಾಲಿಯಾಗಿ ವಾರಗಟ್ಟಲೆ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಅದು ಮತ್ತೆ ಏಳುವುದಿಲ್ಲ. ಲಿಥಿಯಂ ಇದಕ್ಕೆ ತಿರುಗುಮುರುಗು: ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕೆಲಸವಿಲ್ಲದಿದ್ದರೆ ಅರ್ಧ ತುಂಬಿಸಿಟ್ಟರೆ ಒಳ್ಳೆಯದು. ಗುಡುಗು ಸಿಡಿಲಿನ ಸಂಜೆಗಳಲ್ಲಿ ಚಾರ್ಜರಿನ ಪ್ಲಗ್ಗು ಗೋಡೆಯಲ್ಲಿ ಇರಲೇಬಾರದು.

ಮಿತ್ರರೇ, ಮುಂದಿನ ಸಲ ಊರಿನಿಂದ ಫೋನು ಬಂದಾಗ ಕ್ರಮವಾಗಿ ಕೇಳಿ: ಬ್ಯಾಟರಿ ಯಾವ ಜಾತಿಯದು? ತುಂಬಿದಾಗ ಎಷ್ಟು ವೋಲ್ಟ್? ಎಷ್ಟು ಆಂಪಿಯರ್ ತಡೆಯುತ್ತದೆ? ಚಾರ್ಜರು ಇಡುವ ಕಡೆ ಪ್ಲಗ್ಗು, ಅರ್ಥಿಂಗ್ ಹೇಗಿದೆ? ಬೆಲೆಯ ಮಾತು ಐದನೆಯದು. ಈ ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಕೇಳಿ, ಉತ್ತರಗಳನ್ನು ಕನ್ನಡದಲ್ಲಿಯೇ ಬರೆದು ಚಾರ್ಜರಿನ ಪಕ್ಕದ ಗೋಡೆಗೆ ಅಂಟಿಸಲು ಕಳಿಸಿ. ಇಂಗ್ಲಿಷಿನ ಕೈಪಿಡಿ ಪೆಟ್ಟಿಗೆಯಲ್ಲಿಯೇ ಉಳಿದೀತು; ನಿಮ್ಮ ಕೈಬರಹದ ಆ ಒಂದು ಹಾಳೆಯನ್ನು ದಿನಾ ಸ್ವಿಚ್ಚು ಹಾಕುವವರು ಓದುತ್ತಾರೆ.