ಸೂಟಿ ಹಾಕಿದ್ದೆ, ನೌಕರಿ ಬಿಟ್ಟಿದ್ದಿಲ್ಲ

ಕೂಸಿಗೆ ನಾಲ್ಕು ತಿಂಗಳು ತುಂಬಿ ಐದರಾಗ ಬಿದ್ದಿತ್ತು. ನಾ ಬಾಣಂತನಕ್ಕ ಅಂತ ಧಾರವಾಡಕ್ಕ ತವರುಮನಿಗೆ ಬಂದಿದ್ದೆ. ಮುಂಜಾನೆ ಕೂಸಿಗೆ ಎಣ್ಣಿ ಹಚ್ಚಿ ಎರದು, ಲೋಬಾನದ ಹೊಗಿ ಹಾಕಿ, ಕುಂಚಗಿ ಕಟ್ಟಿ, ಇನ್ನೇನ ತೊಟ್ಟಲಾ ತೂಗಬೇಕು ಅನ್ನೋದ್ರಾಗ ಬೆಂಗಳೂರಿನ ನಮ್ಮ ಆಫೀಸಿಂದ ಫೋನ್ ಬಂತು. ಎಚ್‌ಆರ್‌ನಾಕಿ. ‘ಮಗು ಹೇಗಿದೆ?’ ಅಂತ ಮೊದಲ ಕೇಳಿದ್ಲು. ಎರಡನೇ ಮಾತಿಗೇ ‘ನಿಮ್ಮ ಟೀಮ್ ರೀಸ್ಟ್ರಕ್ಚರ್ ಆಗಿದೆ, ನಿಮ್ಮ ಪೊಸಿಶನ್ ಈಗ ಇಲ್ಲ. ನೀವೇ ಒಂದು ರಾಜೀನಾಮೆ ಮೇಲ್ ಹಾಕಿಬಿಡಿ, ರಿಲೀವಿಂಗ್ ಲೆಟರ್ ಕ್ಲೀನಾಗಿ ಬರುತ್ತೆ. ಸಂಜೆಯೊಳಗೆ ಕಳಿಸಿ’ ಅಂದ್ಲು.

ಅವ್ವ ಅಡಿಗಿಮನಿಯಿಂದ ‘ಯಾರದ ಫೋನವಾ?’ ಅಂದ್ಲು. ಹೇಳಿದೆ. ‘ಹೋಗ್ಲಿ ಬಿಡು, ಛೊಲೋನ ಆತು. ಇಷ್ಟ ಸಣ್ಣ ಕೂಸಿನ್ನ ಬಿಟ್ಟು ಹೆಂಗ ಹೋಗ್ತಿ ಅಂತ ನಂಗೂ ಚಿಂತಿ ಇತ್ತು’ ಅಂದ್ಲು. ಮಧ್ಯಾಹ್ನ ಅತ್ತಿಯವರು ಹುಬ್ಬಳ್ಳಿಯಿಂದ ಫೋನ್ ಮಾಡಿ ‘ಎಲ್ಲಾ ಕೂಸಿನ ಪುಣ್ಯಾ’ ಅಂದ್ರು. ನಮ್ಮ ಮನಿಯವರು ‘ಸದ್ಯಕ್ಕ ನನ್ನ ಪಗಾರ ಅದ ಅಲಾ’ ಅಂದ್ರು. ಫ್ಲ್ಯಾಟಿನ ಸಾಲಾ ಕೊಡೋಮುಂದ ಬ್ಯಾಂಕಿನವರು ಇಬ್ಬರ ಪಗಾರದ ಚೀಟಿ ನೋಡಿದ್ರು ಅನ್ನೋದು ಒಬ್ಬರಿಗೂ ನೆನಪಾಗಲಿಲ್ಲ.

ಹೋದ ವರ್ಷ ನಮ್ಮ ಕಾಕಾನ ಮಗನ ನೌಕರಿ ಹೋದಾಗ ಇದ ಮನಿ ಹೆಂಗಾಗಿತ್ತು! ಅವ್ವ ರಾಯರಿಗೆ ಹರಕಿ ಹೊತ್ತಿದ್ಲು. ಅಪ್ಪ ಗುರ್ತಿನವರಿಗೆಲ್ಲ ಅವನ ಬಯೋಡಾಟಾ ಕಳಿಸಿದ್ದರು. ‘ಛೊಲೋ ಆತು, ಮಕ್ಕಳ ಜೋಡಿ ಮನ್ಯಾಗ ಇರ್ತಾನ’ ಅಂತ ಒಬ್ಬರೂ ಅಂದಿದ್ದಿಲ್ಲ.

ನನ್ನ ತಕರಾರು ಇರೋದು ಇಲ್ಲೇ. ಕಂಪನಿಯವರು ಬಾಣಂತಿ ಕುರ್ಚಿಗೆ ಮೊದಲ ಯಾಕ ಕೈ ಹಾಕ್ತಾರ? ಒಂದು, ಸೂಟಿಯ ಪಗಾರ ಅವರ ಕಿಸೇದಿಂದನ ಹೋಗಬೇಕು, ಈಎಸ್‌ಐ ಇದ್ದವರದಷ್ಟ ಬ್ಯಾರೆ. ಎರಡು, ಆಕಿ ಜಗಳಾ ಮಾಡಂಗಿಲ್ಲ ಅಂತ ಅವರಿಗೆ ಗೊತ್ತದ. ಜಗಳಾ ಮಾಡಲಾರದಂಗ ಸಮಾಧಾನ ಹೇಳೋರು ನಾವ, ಮನಿ ಮಂದಿ.

ಕಾಯ್ದೆ ಆಕಿ ಕಡೆ ಇಲ್ಲ ಅಂತಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ 12ನೇ ಕಲಮು ಸ್ವಚ್ಛ ಹೇಳ್ತಿತ್ತು: ಹೆರಿಗೆ ಸೂಟಿ ಮ್ಯಾಲಿದ್ದಾಕಿನ್ನ ಕೆಲಸದಿಂದ ತಗೀಬಾರದು, ಸೂಟಿಯೊಳಗ ಮುಗಿಯೋ ಹಂಗ ನೋಟೀಸು ಕೊಡಬಾರದು, ಆಕಿಗೆ ಲುಕ್ಸಾನ ಆಗೋ ಹಂಗ ಕೆಲಸದ ಶರತ್ತು ಬದಲಸಬಾರದು. 2017ರ ತಿದ್ದುಪಡಿ ಆದ ಮ್ಯಾಲೆ ಮೊದಲ ಎರಡು ಮಕ್ಕಳಿಗೆ 26 ವಾರ ಸೂಟಿ ಅದ. 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೂ ಈ ರಕ್ಷಣೆ ಉಳದದ.

ಆದ್ರ ಕಾಯ್ದೆ ತಡಿಯೋದು ಅವರು ತಗಿಯೋದನ್ನ. ‘ನಾನ ಬಿಟ್ಟೆ’ ಅಂತ ನಾವ ಬರದು ಕೊಟ್ರ ಅದಾರೆ ಏನ ಮಾಡ್ತದ? ಅದಕ್ಕ ಅವರು ಆ ಮೇಲ್ ಸಂಜೀಯೊಳಗ ಕೇಳೋದು. ಕಂಪನಿಗೆ ಖರೇನ ತ್ರಾಸು ಬಂದು ಒಂದು ಟೀಮು ಮುಚ್ಚಬೇಕಾಗಬಹುದು, ಇಲ್ಲ ಅನ್ನಂಗಿಲ್ಲ. ಆದ್ರ ಅದನ್ನ ಕಂಪನಿನ ತನ್ನ ಕಾಗದದ ಮ್ಯಾಲೆ, ಕಾರಣ ಹಾಕಿ, ಸೂಟಿ ಮುಗದ ಮ್ಯಾಲೆ ಹೇಳಲಿ. ನೋಟೀಸು ಕೊಡಲಿ, ಪರಿಹಾರ ಕೊಡಲಿ. ತಪ್ಪಿನ ಕಾಗದ ಬಾಣಂತಿ ಕಡೆ ಯಾಕ ಬರಸಬೇಕು?

ಸಂಜೀಕ ದೇವರಿಗೆ ದೀಪಾ ಹಚ್ಚಿ ಬಂದು ಅವ್ವ ನನ್ನ ಮಗ್ಗಲಕ ಕೂತ್ಲು. ‘ನೀ ಹುಟ್ಟಿದಾಗ ನಾನೂ ಸಾಲಿ ಮಾಸ್ತರಕಿ ಬಿಟ್ಟೆ. ಯಾರೂ ತಗೀಲಿಲ್ಲ. ನಿಮ್ಮಜ್ಜಿ ಛೊಲೋ ಆತು ಅಂದ್ರು, ನಾನ ಬರದು ಕೊಟ್ಟೆ’ ಅಂದ್ಲು. ಒಂದ ಗಳಿಗಿ ಬಿಟ್ಟು, ‘ಕೂಸಿನ್ನ ನನ್ನ ತೊಡಿ ಮ್ಯಾಲೆ ಹಾಕು. ಆ ಮೇಲ್ ಬರೀಬ್ಯಾಡ. ಬ್ಯಾರೆ ಬರಿ’ ಅಂದ್ಲು.

ಬರದೆ. ನಾಲ್ಕ ಸಾಲು. ಸೂಟಿ ಇಂಥಾ ತಾರೀಖಿಗೆ ಮುಗೀತದ, ಮರುದಿವಸ ಹಾಜರಾಗ್ತೇನಿ, ರಾಜೀನಾಮೆ ಕೊಡೋ ವಿಚಾರ ಇಲ್ಲ, ಫೋನಿನ್ಯಾಗ ಹೇಳಿದ್ದನ್ನ ಕಲಮು 12 ನೋಡಿ ಬರಹದಾಗ ಕೊಡ್ರಿ ಅಂತ. ಬರಹದಾಗ ಏನೂ ಬರಲಿಲ್ಲ. ಹತ್ತು ದಿವಸದ ಮ್ಯಾಲೆ ಬ್ಯಾರೆ ಟೀಮಿನ್ಯಾಗ ಜಾಗಾ ಅದ ಅಂತ ಫೋನ್ ಬಂತು. ಹಳೇ ಕೆಲಸದಷ್ಟು ಛೊಲೋ ಇಲ್ಲ, ಖರೆ. ಆದ್ರ ಪಗಾರ ಅದ ಅದ, ಹೋಗ್ಲಿಕ್ಕೆ ಹತ್ತೇನಿ. ಅವ್ವ ಬೆಂಗಳೂರಿಗೆ ಬಂದಾಳ.

ಎಲ್ಲಾರ ಕಥಿ ಹಿಂಗ ಮುಗಿಯಂಗಿಲ್ಲ ಅನ್ನೋದು ನಂಗ ಗೊತ್ತದ. ಆದ್ರೂ ನೀವು ಯಾರರೆ ಬಾಣಂತಿ ನೋಡಲಿಕ್ಕೆ ಹೋದ್ರ, ಕೂಸು ಯಾರ ಹಂಗ ಅದ ಅಂತ ಕೇಳಿದ ಮ್ಯಾಲೆ, ‘ಮತ್ತ ನೌಕರಿಗೆ ಎಂದ ಹಾಜರಾಗ್ತಿ?’ ಅಂತನೂ ಒಂದ ಮಾತು ಕೇಳ್ರಿ. ಮನ್ಯಾಗಿನ ನಾಲ್ಕ ಮಂದಿ ಕಿವಿಗೆ ಅದು ಬೀಳಲಿ.