35 ಡಿಗ್ರಿಯ ಲ್ಯಾಪ್‌ಟಾಪ್, 42 ಡಿಗ್ರಿಯ ಕಲಬುರಗಿ

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಯಾವುದು ಮೇಲು ಎಂದು ಕಲಬುರಗಿಯ ವಿದ್ಯಾರ್ಥಿ ಕೇಳಿದರೆ ನನ್ನ ಉತ್ತರ ನೇರವಾಗಿದೆ: ಅಂಗಡಿಯ ಚೀಟಿಯಲ್ಲಿ ದಪ್ಪಕ್ಷರದಲ್ಲಿರುವ ಎಐ ಸಾಮರ್ಥ್ಯ ನೋಡಿ ದುಡ್ಡು ಕೊಡಬೇಡಿ. ಯಾರೂ ಬಿಡಿಸಿ ನೋಡದ ತಾಂತ್ರಿಕ ವಿವರದ ಕೊನೆಯ ಪುಟಕ್ಕೆ ಹೋಗಿ, ಅಲ್ಲಿರುವ ಒಂದು ಅಂಕಿ ನೋಡಿ. ಯಂತ್ರ ಎಷ್ಟು ಬಿಸಿಯ ವಾತಾವರಣದಲ್ಲಿ ಕೆಲಸ ಮಾಡುತ್ತದೆ ಎಂದು ಕಂಪನಿ ಒಪ್ಪಿಕೊಂಡಿರುವ ಅಂಕಿ ಅದು. ಆ್ಯಪಲ್‌ನ ಮ್ಯಾಕ್‌ಬುಕ್‌ಗೆ 10ರಿಂದ 35 ಡಿಗ್ರಿ ಸೆಲ್ಸಿಯಸ್. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳ ಸಾಮಾನ್ಯ ಮಾದರಿಗಳಲ್ಲೂ ಮೇಲಿನ ಮಿತಿ ಅದೇ 35. ಬೆಲೆ 30 ಸಾವಿರವಿರಲಿ, ಒಂದೂವರೆ ಲಕ್ಷವಿರಲಿ, ಈ ಅಂಕಿ ಅಲುಗಾಡುವುದಿಲ್ಲ.

ಈಗ ಕಲಬುರಗಿಗೆ ಬನ್ನಿ. ಹೋಳಿಯ ಬೆನ್ನಿಗೆ ಬರುವ ಶರಣಬಸವೇಶ್ವರರ ಜಾತ್ರೆಯ ಹೊತ್ತಿಗೇ ಹಗಲಿನ ಬಿಸಿಲು 35 ದಾಟಿರುತ್ತದೆ. ಏಪ್ರಿಲ್, ಮೇ ತಿಂಗಳ ಸರಾಸರಿ ಗರಿಷ್ಠ ತಾಪಮಾನವೇ 40ರ ಆಸುಪಾಸು. 42, 43 ಇಲ್ಲಿ ಸುದ್ದಿಯೂ ಅಲ್ಲ. ಅಂದರೆ ಮಾರ್ಚ್‌ನಿಂದ ಮುಂಗಾರು ಬೀಳುವವರೆಗೆ, ಪರೀಕ್ಷೆ, ಸಿಇಟಿ, ಪ್ರಾಜೆಕ್ಟ್‌ಗಳೆಲ್ಲ ಬಂದು ಬೀಳುವ ಕಾಲದಲ್ಲೇ, ಈ ಊರಿನ ಬಹುಪಾಲು ಲ್ಯಾಪ್‌ಟಾಪ್‌ಗಳು ಹಗಲೆಲ್ಲ ತಯಾರಕರು ಒಪ್ಪಿಕೊಂಡ ಮಿತಿಯ ಹೊರಗೆ ದುಡಿಯುತ್ತಿರುತ್ತವೆ. ಬೆಂಗಳೂರಿನಲ್ಲಿ ಅತಿ ಹೆಚ್ಚು ಬಿಸಿಲಿನ ಏಪ್ರಿಲ್‌ನ ಸರಾಸರಿ ಗರಿಷ್ಠ ತಾಪಮಾನ ಸುಮಾರು 34. ಒಂದು ಡಿಗ್ರಿಯ ಅಂತರದಲ್ಲಿ ರಾಜಧಾನಿ ಪಾರಾಗಿಬಿಡುತ್ತದೆ. ಲ್ಯಾಪ್‌ಟಾಪ್ ವಿಮರ್ಶೆ ಬರೆಯುವವರೂ ಟೆಂಡರ್ ಬರೆಯುವವರೂ ಆ ಊರಿನಲ್ಲೇ ಇದ್ದಾರೆ, ಅದೂ ಹವಾನಿಯಂತ್ರಿತ ಕೋಣೆಯಲ್ಲಿ. ಈ ಅಂಕಿ ಅವರ ಕಣ್ಣಿಗೆ ಬೀಳದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಚರ್ಚೆಯೆಲ್ಲ ನಡೆಯುತ್ತಿರುವುದು ಬೇರೊಂದು ಅಂಕಿಯ ಸುತ್ತ. ಮೈಕ್ರೋಸಾಫ್ಟ್ 2024ರಲ್ಲಿ ಕೋಪೈಲಟ್ ಪ್ಲಸ್ ಎಂಬ ಹಣೆಪಟ್ಟಿ ತಂದು, ಅದು ಬೇಕಾದರೆ ಎಐ ಲೆಕ್ಕಕ್ಕೆಂದೇ ಇರುವ ಎನ್‌ಪಿಯು ಎಂಬ ಚಿಪ್ ಭಾಗ ಕನಿಷ್ಠ 40 ಟಾಪ್ಸ್ ಇರಬೇಕು, ಅಂದರೆ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡಬೇಕು ಎಂದಿತು. ಅಂದಿನಿಂದ ಓಟ ನಿಂತಿಲ್ಲ. ಇಂಟೆಲ್‌ನ ಕೋರ್ ಅಲ್ಟ್ರಾ ಮೂರನೇ ಸರಣಿ 50ಕ್ಕೆ ಬಂತು, ಎಎಂಡಿಯ ರೈಜೆನ್ ಎಐ 400 ಸರಣಿ 60ಕ್ಕೆ, ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್2 80ಕ್ಕೆ. ಎಐ ಲ್ಯಾಪ್‌ಟಾಪ್ ಇಲ್ಲದ ವಿದ್ಯಾರ್ಥಿ ಹಿಂದುಳಿಯುತ್ತಾನೆ ಎಂದು ಅಂಕಣಕಾರರು ಪೋಷಕರನ್ನು ಹೆದರಿಸುತ್ತಿದ್ದಾರೆ. ಆದರೆ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಚಾಟ್‌ಜಿಪಿಟಿಯನ್ನೋ ಜೆಮಿನಿಯನ್ನೋ ಪ್ರಶ್ನೆ ಕೇಳಿದಾಗ ಲೆಕ್ಕ ನಡೆಯುವುದು ದೂರದ ಡೇಟಾ ಸೆಂಟರಿನಲ್ಲಿ. ಅವನ ಲ್ಯಾಪ್‌ಟಾಪಿನ ಎನ್‌ಪಿಯು ಆಗ ಸುಮ್ಮನೆ ಕೂತಿರುತ್ತದೆ. ಇಷ್ಟು ಸರಳ ವಿಷಯವನ್ನು ಹೇಳದೆ 20 ಸಾವಿರ ರೂಪಾಯಿ ಹೆಚ್ಚು ಖರ್ಚು ಮಾಡಿಸುವುದು ಅನ್ಯಾಯ.

ಬಿಸಿಲು ಯಂತ್ರಕ್ಕೆ ಏನು ಮಾಡುತ್ತದೆ ಎಂಬ ಲೆಕ್ಕ ಕಷ್ಟದ್ದಲ್ಲ. ಪ್ರೊಸೆಸರ್ ಸುಮಾರು 100 ಡಿಗ್ರಿ ಮುಟ್ಟಿದಾಗ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಚಿಪ್ಪಿನ ಶಾಖವನ್ನು ಹೊರಹಾಕುವ ಶಕ್ತಿ ನಿಂತಿರುವುದು ಚಿಪ್ಪಿಗೂ ಕೋಣೆಯ ಗಾಳಿಗೂ ಇರುವ ಅಂತರದ ಮೇಲೆ. 25 ಡಿಗ್ರಿಯ ಕೋಣೆಯಲ್ಲಿ ಆ ಅಂತರ 75. 42 ಡಿಗ್ರಿಯಲ್ಲಿ ಅದು 58. ಅದೇ ಫ್ಯಾನ್, ಅದೇ ತಾಮ್ರದ ಕೊಳವೆ, ಆದರೆ ತಂಪು ಮಾಡುವ ಶಕ್ತಿಯಲ್ಲಿ ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗ ಖೋತಾ. ವಿಮರ್ಶಕರು ಕೊಟ್ಟ ವೇಗದ ಅಂಕ ಇಲ್ಲಿ ಸಿಗುವುದಿಲ್ಲ, ಸಿಗುವುದು ಸಾಧ್ಯವೂ ಇಲ್ಲ.

ಫ್ಯಾನ್ ಇಲ್ಲದ ಮಾದರಿಗಳ ಲೆಕ್ಕ ಇನ್ನೂ ಬಿಗಿ. 2020ರ ಎಂ1 ಚಿಪ್ಪಿನ ಕಾಲದಿಂದ ಮ್ಯಾಕ್‌ಬುಕ್ ಏರ್‌ಗೆ ಫ್ಯಾನ್ ಇಲ್ಲ; ಸದ್ದಿಲ್ಲದ ಆ ಯಂತ್ರವನ್ನು ಹೊಗಳದವರಿಲ್ಲ. ಅದರ ಲೋಹದ ಮೈಯೇ ಶಾಖವನ್ನು ಹೊರಬಿಡಬೇಕು, ಮತ್ತು ಆ ಮೈ ಮುಟ್ಟಲಾಗದಷ್ಟು ಸುಡಬಾರದು. ಮೈ 48 ಡಿಗ್ರಿ ತನಕ ತಡೆದುಕೊಳ್ಳಬಹುದು ಎಂದು ಹಿಡಿದರೂ 25 ಡಿಗ್ರಿ ಕೋಣೆಯಲ್ಲಿ ಸಿಗುವ ಅಂತರ 23, ಕಲಬುರಗಿಯ ಮಧ್ಯಾಹ್ನದಲ್ಲಿ ಬರೀ 6. ಬ್ರೌಸರ್, ಪಿಡಿಎಫ್‌ಗೆ ತೊಂದರೆಯಾಗದು, ಏಕೆಂದರೆ ಆ ಚಿಪ್ ನಿಜಕ್ಕೂ ಮಿತವ್ಯಯಿ. ಆದರೆ ಅರ್ಧ ಗಂಟೆ ಕೋಡ್ ಕಂಪೈಲ್ ಮಾಡಬೇಕಾದವರು, ವಿಡಿಯೊ ಸಂಕಲನ ಮಾಡುವವರು ಲಕ್ಷದ ಹತ್ತಿರ ಕೊಟ್ಟು ಬೇಸಿಗೆಯಲ್ಲಿ ಅದರ ಅರ್ಧ ಯಂತ್ರವನ್ನು ಪಡೆಯುತ್ತಾರೆ.

35 ಎಂಬುದು ಕಂದಕವಲ್ಲ, 36ಕ್ಕೆ ಯಂತ್ರ ಸತ್ತುಹೋಗುವುದಿಲ್ಲ ಎಂದು ವಾದಿಸುವವರಿದ್ದಾರೆ. ಸರಿಯಾದ ಮಾತೇ. ಸಾಯುವುದಿಲ್ಲ, ಸವೆಯುತ್ತದೆ, ಮತ್ತು ಮೊದಲು ಸವೆಯುವುದು ಬ್ಯಾಟರಿ. ಪೂರ್ತಿ ಚಾರ್ಜ್ ಮಾಡಿದ ಲಿಥಿಯಂ ಬ್ಯಾಟರಿಯನ್ನು 25 ಡಿಗ್ರಿಯಲ್ಲಿ ಒಂದು ವರ್ಷ ಇಟ್ಟರೆ ಅದರ ಸಾಮರ್ಥ್ಯದಲ್ಲಿ ಸುಮಾರು ಶೇ 80 ಉಳಿಯುತ್ತದೆ, 40 ಡಿಗ್ರಿಯಲ್ಲಿಟ್ಟರೆ ಸುಮಾರು ಶೇ 65. ಅದೇ 40 ಡಿಗ್ರಿಯಲ್ಲಿ, ಶೇ 40ರಷ್ಟು ಮಾತ್ರ ಚಾರ್ಜ್ ಮಾಡಿ ಇಟ್ಟರೆ ಶೇ 85 ಉಳಿಯುತ್ತದೆ. ಕರೆಂಟ್ ಯಾವಾಗ ಹೋಗುತ್ತದೋ ಎಂದು ನಮ್ಮ ಹುಡುಗರು ಮಾಡುವುದು ಇದಕ್ಕೆ ತದ್ವಿರುದ್ಧ: ಚಾರ್ಜರ್ ಸದಾ ಸಿಕ್ಕಿಸಿಯೇ ಇರುತ್ತದೆ, ಬ್ಯಾಟರಿ ಸದಾ ತುಂಬಿಯೇ ಇರುತ್ತದೆ. ಎರಡೇ ಬೇಸಿಗೆಗೆ ಅದು ಮುಗಿಯುತ್ತದೆ. ಬ್ಯಾಟರಿಗೆ ವಾರಂಟಿ ಸಾಮಾನ್ಯವಾಗಿ ಒಂದೇ ವರ್ಷ.

ಇದರ ಪರಿಣಾಮವನ್ನು ಕಣ್ಣಾರೆ ಕಾಣಬೇಕೆಂದರೆ ಊರಿನ ಯಾವುದಾದರೂ ರಿಪೇರಿ ಅಂಗಡಿಯ ಮೇಜಿನ ಪಕ್ಕ ಮೇ ತಿಂಗಳಲ್ಲಿ ನಿಲ್ಲಿ. ಕೆಳಗಿನ ಸ್ಕ್ರೂಗಳನ್ನು ಬಿಚ್ಚಿ ತಟ್ಟೆ ಎತ್ತಿದರೆ ಫ್ಯಾನಿನ ಬಾಯಿಗೆ ಕಂಬಳಿಯ ತುಂಡಿನಂತೆ ಅಂಟಿಕೊಂಡ ಬೂದು ದೂಳು. ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿ, ಉಗುರಿನಿಂದ ಕೆರೆದರೆ ಪುಡಿಪುಡಿ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನು ಒಂದು ಮೂಲೆಯಿಂದ ಮೇಲೆತ್ತಿರುತ್ತದೆ. ಕ್ಲಿಕ್ ಆಗುತ್ತಿಲ್ಲ ಎಂದು ವಿದ್ಯಾರ್ಥಿ ತಂದಿರುತ್ತಾನೆ, ದೋಷ ಟಚ್‌ಪ್ಯಾಡಿನದ್ದು ಎಂದೇ ಅವನು ತಿಳಿದಿರುತ್ತಾನೆ. ಹಲವು ಮಾದರಿಗಳಲ್ಲಿ ತೆಳುವಾಗಿರಲಿ ಎಂದು ರ‍್ಯಾಮನ್ನು ಬೋರ್ಡಿಗೇ ಬೆಸೆದಿರುವುದರಿಂದ ಅದನ್ನು ಬದಲಿಸುವಂತಿಲ್ಲ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಗೆ ಮೆಮೊರಿ ಚಿಪ್ಪುಗಳ ದರ ಏರಿದೆ. 8 ಜಿಬಿಯ ಯಂತ್ರ ಈಗ ಕೊಂಡು ನಂತರ ಹೆಚ್ಚಿಸಿಕೊಳ್ಳೋಣ ಎಂಬ ಹಳೆಯ ದಾರಿ ಎರಡೂ ಕಡೆಯಿಂದ ಮುಚ್ಚಿದೆ.

ಶರಣಬಸವೇಶ್ವರ ದೇವಸ್ಥಾನದ ಸುತ್ತಲಿನ ಬೀದಿಗಳು ವಿದ್ಯಾರ್ಥಿಗಳ ಬೀದಿಗಳು. ದಾಸೋಹದ ಪರಂಪರೆಯನ್ನು ಶಿಕ್ಷಣಕ್ಕೂ ಹರಿಸಿದ ಸಂಸ್ಥಾನ ಅದು. ವಿದ್ಯಾವರ್ಧಕ ಸಂಘ 1934ರದ್ದು, ಶರಣಬಸವ ವಿಶ್ವವಿದ್ಯಾಲಯ 2017ರದ್ದು. ಕಮಲಾಪುರ, ಆಳಂದ, ಸೇಡಂ ಕಡೆಯಿಂದ ಬಂದ ಹುಡುಗ ಹುಡುಗಿಯರು ಬಾಡಿಗೆ ಕೋಣೆ ಹಿಡಿಯುವುದು ಹೆಚ್ಚಾಗಿ ಮೇಲಿನ ಮಹಡಿಯಲ್ಲಿ, ಏಕೆಂದರೆ ಅಲ್ಲೇ ಬಾಡಿಗೆ ಕಡಿಮೆ. ಹಗಲೆಲ್ಲ ಕಾದ ಆರ್‌ಸಿಸಿ ಸ್ಲ್ಯಾಬ್ ರಾತ್ರಿಯ ತನಕ ಕೋಣೆಯೊಳಗೆ ಶಾಖ ಬಿಡುತ್ತಲೇ ಇರುತ್ತದೆ. ಹಾಸಿಗೆಯ ಮೇಲೆ ಲ್ಯಾಪ್‌ಟಾಪ್, ಅದರ ಗಾಳಿಕಂಡಿಗಳು ಚಾದರದಲ್ಲಿ ಹುದುಗಿರುತ್ತವೆ. ಕಮಲಾಪುರದ ಕೆಂಪು ಬಾಳೆ ಬೆಳೆಯುವ ರೈತನ ಮಗಳು ರಜೆಗೆ ಊರಿಗೆ ಹೋದರೆ ಅಲ್ಲಿ ಪತ್ರಾಸಿನ ಮಾಡು. ಮುಖ್ಯ ಕಂಪನಿಗಳ ಯಾವ ಪ್ರಯೋಗಾಲಯವೂ ತನ್ನ ಯಂತ್ರವನ್ನು ಈ ಕೋಣೆಗಾಗಿ ಯೋಚಿಸಿ ಮಾಡಿಲ್ಲ.

ಲ್ಯಾಪ್‌ಟಾಪ್ ನಮ್ಮ ಬಿಸಿಲಿಗೆ ತಕ್ಕಂತಿರಲಿ ಎಂಬುದೇನು ಅಸಾಧ್ಯದ ಬೇಡಿಕೆಯೇ? ಎಲ್ಲರ ಮನೆಯ ಫ್ರಿಜ್ ಹಿಂದೆ ಅಂಟಿಸಿದ ಚೀಟಿ ನೋಡಿ. ಅಂತರರಾಷ್ಟ್ರೀಯ ಮಾನದಂಡವೇ ಫ್ರಿಜ್‌ಗಳಿಗೆ ಹವಾಮಾನ ದರ್ಜೆ ಕೊಟ್ಟಿದೆ: ‘ಎನ್’ ಎಂದರೆ 32 ಡಿಗ್ರಿಯವರೆಗೆ, ‘ಎಸ್‌ಟಿ’ 38, ‘ಟಿ’ 43. ಏರ್ ಕಂಡಿಷನರ್‌ಗಳಲ್ಲೂ 35 ಡಿಗ್ರಿಯ ಪರೀಕ್ಷೆ ಬೇರೆ, ಬಿಸಿ ದೇಶಗಳಿಗೆ 46 ಡಿಗ್ರಿಯ ಪರೀಕ್ಷೆ ಬೇರೆ. ತರಕಾರಿ ಇಡುವ ಪೆಟ್ಟಿಗೆಗೆ ನಮ್ಮ ಬಿಸಿಲಿನ ಲೆಕ್ಕವಿದೆ, ಮಕ್ಕಳ ಓದಿನ ಯಂತ್ರಕ್ಕಿಲ್ಲ. ನನಗೆ ಅರ್ಥವಾಗದಿರುವುದು ಕಂಪನಿಗಳ ಮೌನವಲ್ಲ, ಲಕ್ಷಗಟ್ಟಲೆ ಯಂತ್ರ ಕೊಳ್ಳುವ ಸರ್ಕಾರದ ಮೌನ. ಪ್ಯಾನಸೋನಿಕ್‌ನ ಟಫ್‌ಬುಕ್‌ನಂಥ ಯಂತ್ರಗಳು 50 ಡಿಗ್ರಿಯಾಚೆಗೂ ನಡೆಯುತ್ತವೆ. ತಂತ್ರಜ್ಞಾನ ಇದೆ, ಆದರೆ ಅದರ ಬೆಲೆ ವಿದ್ಯಾರ್ಥಿಯ ಕೈಗೆ ಎಟಕುವುದಿಲ್ಲ. ಸಾಮಾನ್ಯ ಮಾದರಿಯ ಮಿತಿಯನ್ನು 35ರಿಂದ 45ಕ್ಕೆ ತರಲು ಸ್ವಲ್ಪ ದಪ್ಪ ಮೈ, ದೊಡ್ಡ ಫ್ಯಾನ್, ಅಗಲವಾದ ಗಾಳಿಕಂಡಿ ಸಾಕು. ಯಾರೂ ಕೇಳದಿರುವುದರಿಂದ ಯಾರೂ ಮಾಡುತ್ತಿಲ್ಲ. ಅಗ್ಗದ ಮಾದರಿಗಳ ಮೇಲೆ ಈಚೆಗೆ ಕಾಣುವ ‘ಮಿಲಿಟರಿ ದರ್ಜೆ’ ಚೀಟಿಗೆ ಮರುಳಾಗಬೇಡಿ. ಯಾವ ಪರೀಕ್ಷೆ ಮಾಡಬೇಕೆಂದು ಆರಿಸಿಕೊಳ್ಳುವುದು ತಯಾರಕರೇ, ಮತ್ತು ಆ ಚೀಟಿಯಿಂದ ಕೈಪಿಡಿಯ 35 ಬದಲಾಗುವುದಿಲ್ಲ.

ಸರ್ಕಾರಕ್ಕೆ ಬಿಸಿಲು ಗೊತ್ತಿಲ್ಲವೆಂದಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳು ಹಾಗೂ ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯಲು ಸರ್ಕಾರವೇ ಆದೇಶ ಹೊರಡಿಸುತ್ತದೆ. ನೌಕರರಿಗೆ ಈ ಸೆಕೆ ಸಹಿಸಲಾಗದು ಎಂಬುದಕ್ಕೆ ಲಿಖಿತ ಆಧಾರ ಸರ್ಕಾರದ್ದೇ. ಹಾಗಿದ್ದೂ 2020ರಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಒಂದು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿದಾಗ ಮಡಿಕೇರಿಗೂ ಕಲಬುರಗಿಗೂ ಒಂದೇ ಯೋಜನೆ, ಒಂದೇ ಅಳತೆ. ಮಳೆಗಾಲದ ತೇವಕ್ಕೂ ಬೇಸಿಗೆಯ ಕಾವಿಗೂ ವ್ಯತ್ಯಾಸವೇ ಇಲ್ಲವೆಂಬಂತೆ.

ಈಗಿನ ಹೊಸ ಪ್ರಯತ್ನ ಕಿಯೋ. 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಶೃಂಗಸಭೆಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಹೊರತಂದ ಈ ಪುಟ್ಟ ಕಂಪ್ಯೂಟರಿನ ಬೆಲೆ 18,999 ರೂಪಾಯಿ. ಮುಕ್ತ ವಿನ್ಯಾಸದ ರಿಸ್ಕ್-ಫೈವ್ ಪ್ರೊಸೆಸರ್, ಲಿನಕ್ಸ್, ಡಿಎಸ್‌ಇಆರ್‌ಟಿ ಪಠ್ಯಕ್ರಮ ಕಲಿತಿರುವ ‘ಬುದ್ಧ್’ ಎಂಬ ಎಐ ಸಹಾಯಕ. ಲ್ಯಾಪ್‌ಟಾಪ್ ಅಲ್ಲದಿದ್ದರೂ ಲ್ಯಾಪ್‌ಟಾಪ್ ಕೊಳ್ಳಲಾಗದ ಮನೆಗೆಂದೇ ಬಂದದ್ದು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017–18ರ ಸುತ್ತಿನಲ್ಲಿ ದೇಶದ ಗ್ರಾಮೀಣ ಕುಟುಂಬಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ 4.4ರಲ್ಲಿ ಮಾತ್ರ; ಈ ಯೋಜನೆ ಬೇಕೇ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ನನ್ನ ಮಟ್ಟಿಗೆ ಇದರ ಗುಣ ಎಐನಲ್ಲಿಲ್ಲ. ಉಬ್ಬುವ ಬ್ಯಾಟರಿ ಈ ಪೆಟ್ಟಿಗೆಯಲ್ಲಿಲ್ಲ, ಅದನ್ನು ಹಾಸಿಗೆಯ ಮೇಲೆ ಇಟ್ಟು ಯಾರೂ ಬಳಸುವುದಿಲ್ಲ. ಅದೇ ಅದರ ಕೊರತೆ ಕೂಡ: ಪರದೆ ಬೇರೆ ಬೇಕು, ಕರೆಂಟ್ ಹೋದೊಡನೆ ನಿಲ್ಲದಿರಲು ಯುಪಿಎಸ್ ಬೇರೆ ಬೇಕು. ಅವೆರಡನ್ನೂ ಸೇರಿಸಿ ಹೇಳಿದ ಬೆಲೆಯೇ ನಿಜವಾದ ಬೆಲೆ. ಕಿಯೋ ಹೊರಬಂದಾಗ ಐಟಿ ಸಚಿವರಾಗಿದ್ದ ಪ್ರಿಯಾಂಕ್ ಖರ್ಗೆ ಚಿತ್ತಾಪುರದ ಶಾಸಕರು, ಆಗ ಕಲಬುರಗಿ ಜಿಲ್ಲಾ ಉಸ್ತುವಾರಿ ಸಚಿವರು ಕೂಡ. ಚಿತ್ತಾಪುರದ ಮೇ ತಿಂಗಳನ್ನು ಅವರಿಗೆ ಯಾರೂ ವಿವರಿಸಬೇಕಿಲ್ಲ. ಕಿಯೋ 45 ಡಿಗ್ರಿಯಲ್ಲಿ ದಿನವಿಡೀ ನಡೆಯುತ್ತದೆ ಎಂದು ಪರೀಕ್ಷೆಯ ಸಮೇತ ಹೇಳಿದರೆ ಅದು ಬೇರೆಲ್ಲ ಕಂಪನಿಗಳ ಮುಂದೆ ಕರ್ನಾಟಕ ಇಡಬಹುದಾದ ಸವಾಲು.

ಸ್ವಂತ ದುಡ್ಡಿನಲ್ಲಿ ಕೊಳ್ಳುವವರಿಗೆ ಹೊಸ ಮಾದರಿಗಳಲ್ಲಿ ಒಳ್ಳೆಯದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಈಚಿನ ಚಿಪ್ಪುಗಳ ದೊಡ್ಡ ಸಾಧನೆ ಟಾಪ್ಸ್ ಅಲ್ಲ, ಹಗುರ ಕೆಲಸಕ್ಕೆ ಅವು ಕುಡಿಯುವ ವಿದ್ಯುತ್ ತೀರ ಕಡಿಮೆ ಎಂಬುದು. ಕುಡಿದ ವಿದ್ಯುತ್ತೆಲ್ಲ ಶಾಖವೇ ಆಗುವುದರಿಂದ ನಮ್ಮ ಊರಿಗೆ ಬೇಕಾದದ್ದು ಅದೇ. ಕಡಿಮೆ ವಾಟ್‌ನ ಚಿಪ್, ಆದರೆ ಫ್ಯಾನ್ ಇರಲೇಬೇಕು. 16 ಜಿಬಿ ಮೆಮೊರಿ. ತಟ್ಟೆ ಬಿಚ್ಚಿ ದೂಳು ತೆಗೆಯಲು, ಬ್ಯಾಟರಿ ಬದಲಿಸಲು ಬರುವಂಥ ಮೈ. ‘ಮುಂದೆ ಬೇಕಾಗುತ್ತದೆ’ ಎಂದು ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸುವ ಪೋಷಕರು 100 ವಾಟ್‌ನ ಒಲೆಯನ್ನು ಆ ಕೋಣೆಗೆ ಸೇರಿಸುತ್ತಿದ್ದಾರೆ. ಕೊಂಡ ದಿನವೇ ಸೆಟ್ಟಿಂಗ್ಸ್‌ನಲ್ಲಿ ಚಾರ್ಜ್ ಮಿತಿಯನ್ನು ಶೇ 80ಕ್ಕೆ ಇಡಿ. ಬಹುತೇಕ ಎಲ್ಲ ಕಂಪನಿಗಳೂ ಅದನ್ನು ಕೊಟ್ಟಿವೆ, ಹೇಳುವುದಿಲ್ಲ ಅಷ್ಟೇ.

ಉಳಿದದ್ದು ಸರ್ಕಾರದ ಕೆಲಸ, ಮತ್ತು ಅದು ದೊಡ್ಡ ಕೆಲಸವಲ್ಲ. ಲ್ಯಾಪ್‌ಟಾಪ್, ಟ್ಯಾಬ್, ಕಂಪ್ಯೂಟರ್ ಯಾವುದರ ಟೆಂಡರ್ ಆದರೂ ‘45 ಡಿಗ್ರಿ ವಾತಾವರಣದಲ್ಲಿ ಕಾರ್ಯನಿರ್ವಹಣೆಗೆ ವಾರಂಟಿ’ ಎಂಬ ಸಾಲು ಸೇರಲಿ. ಸಂವಿಧಾನದ 371(ಜೆ) ವಿಧಿಯಡಿ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಕಲಬುರಗಿಯದೇ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ, 1958ರ ಪಿಡಿಎ ಕಾಲೇಜಿನಲ್ಲೇ ಆಗಬಹುದು, ಒಂದು ಕೋಣೆಯನ್ನು 42 ಡಿಗ್ರಿಗೆ ಇಟ್ಟು, ಮಾರುಕಟ್ಟೆಯ ಜನಪ್ರಿಯ ಮಾದರಿಗಳನ್ನು ಅದರೊಳಗೆ ನಾಲ್ಕು ಗಂಟೆ ಓಡಿಸಿ, ವೇಗ ಎಷ್ಟು ಇಳಿಯಿತು, ಬ್ಯಾಟರಿ ಎಷ್ಟು ಕಾಯಿತು ಎಂಬ ಫಲಿತಾಂಶವನ್ನು ಪ್ರತಿ ಜೂನ್‌ನಲ್ಲಿ, ಪ್ರವೇಶಾತಿ ಶುರುವಾಗುವ ಮೊದಲು, ಕನ್ನಡದಲ್ಲಿ ಪ್ರಕಟಿಸಲಿ. ಮೊದಲ ಪಟ್ಟಿಯಲ್ಲಿ ಕಿಯೋ ಇರಲಿ, 50 ಸಾವಿರದೊಳಗಿನ ನಾಲ್ಕೈದು ಲ್ಯಾಪ್‌ಟಾಪ್ ಇರಲಿ, ಜೊತೆಗೆ ಫ್ಯಾನ್ ಇಲ್ಲದ ಒಂದು ದುಬಾರಿ ಯಂತ್ರವೂ ಇರಲಿ.